ಎಪಿ, ಐಬಿ, ಡ್ಯುಯಲ್ ಕ್ರೆಡಿಟ್: ಟೆಕ್ಸಾಸಲ್ಲಿ ಇಬ್ಬರು ಮಕ್ಕಳನ್ನ ಓದಿಸಿದ ಅಮ್ಮನ ಲೆಕ್ಕ

ಸಂಕ್ರಾಂತಿ ಹೊತ್ತಿಗೆ ನಮ್ಮ ಡ್ಯಾಲಸ್ ಕಡೆ ಹೈಸ್ಕೂಲ್‌ಗಳಲ್ಲಿ ಮುಂದಿನ ವರ್ಷದ ಕೋರ್ಸ್ ಸೆಲೆಕ್ಷನ್ ಶುರುವಾಗತ್ತೆ. ಅಲ್ಲಿಂದ ಒಂದು ತಿಂಗಳು ಯಾರ ಮನೆಗೆ ಎಳ್ಳು-ಬೆಲ್ಲ ಕೊಡೋಕೆ ಹೋದ್ರೂ ಅದೇ ಪ್ರಶ್ನೆ, "ನಿಮ್ಮ ಮಗಳು ಒಟ್ಟು ಎಷ್ಟು ಎಪಿ ತಗೊಂಡಿದ್ಲು ರೀ?" (ಎಪಿ ಅಂದ್ರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲೇ ತಗೊಳೋ ಕಾಲೇಜ್ ಮಟ್ಟದ ಕೋರ್ಸು.) ಹತ್ತು ಅಂದ್ರೆ ಅವರ ಮುಖ ಸಣ್ಣಗಾಗತ್ತೆ, ಯಾಕಂದ್ರೆ ಅವರ ಮಗ ಎಂಟೇ ಹಾಕ್ಕೊಂಡಿರ್ತಾನೆ. ಆ ಹತ್ತರಲ್ಲಿ ಡಿಗ್ರಿಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಆರೇ ಆರು ಅಂತ ನಾನು ಹೇಳೋಷ್ಟರಲ್ಲಿ ಅವರು ಮಗನ ಕಡೆ ತಿರುಗಿ ಕಣ್ಣು ಬಿಟ್ಟಾಗಿರತ್ತೆ. ಹಾಗಾಗಿ ಪ್ರತಿ ಮನೇಲೂ ಅರ್ಧಂಬರ್ಧ ಹೇಳೋ ಬದಲು ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಾಡಿದವಳು. ಪಿಸಿಎಂಬಿ ಅಂತ ಟಿಕ್ ಹಾಕಿದ್ರೆ ಎರಡು ವರ್ಷದ ಕಥೆ ಮುಗೀತು, ಆಮೇಲೆ ಸಿಇಟಿ, ರ‍್ಯಾಂಕು, ಕೌನ್ಸೆಲಿಂಗು. ಇಲ್ಲಿ ಹಾಗಲ್ಲ, ಒಂದೊಂದು ಸಬ್ಜೆಕ್ಟಿಗೂ ರೆಗ್ಯುಲರ್ ತಗೋಬೇಕಾ, ಅದಕ್ಕಿಂತ ಸ್ವಲ್ಪ ಕಷ್ಟದ ಆನರ್ಸಾ, ಎಪಿನಾ, ಐಬಿನಾ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯಾ), ಇಲ್ಲಾ ಪಕ್ಕದ ಕಮ್ಯುನಿಟಿ ಕಾಲೇಜಿನ, ಅಂದ್ರೆ ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನ, ಡ್ಯುಯಲ್ ಕ್ರೆಡಿಟ್ ಕೋರ್ಸಾ ಅಂತ ಹದಿನಾಲ್ಕು ವರ್ಷದ ಮಗು ಕೂತು ಆರಿಸಬೇಕು, ಅದಕ್ಕೆ ಬುದ್ಧಿ ಹೇಳಬೇಕಾದ ಅಪ್ಪ-ಅಮ್ಮಂಗೆ ಇದರ ತಲೆಬುಡ ಗೊತ್ತಿರಲ್ಲ. ಮಗಳ ಸರದಿಲಿ ನಮಗೂ ಗೊತ್ತಿರಲಿಲ್ಲ. ಅವಳು ಈಗ ಇಲ್ಲೇ ಒಂದು ಸ್ಟೇಟ್ ಯೂನಿವರ್ಸಿಟಿಲಿ ಇಂಜಿನಿಯರಿಂಗ್ ಓದ್ತಿದಾಳೆ. ಮಗ ಹನ್ನೊಂದನೇ ಕ್ಲಾಸು, ಅವನ ದಾರಿನೇ ಬೇರೆ.

ಮೊದಲು ಒಂದು ಗಂಟು ಬಿಡಿಸ್ಕೊಳ್ಳಿ. "ಎಪಿ ತಗೊಂಡ್ರೆ ಒಳ್ಳೇದು" ಅಂತ ಎಲ್ರೂ ಹೇಳ್ತಾರಲ್ಲ, ಆ ಒಳ್ಳೇದು ಅನ್ನೋದರಲ್ಲಿ ಮೂರು ಬೇರೆ ಬೇರೆ ಸಾಮಾನಿದೆ. ಒಂದು ಅಡ್ಮಿಷನ್, ಅಂದ್ರೆ ಕಷ್ಟದ ಕ್ಲಾಸ್ ತಗೊಂಡು ಚೆನ್ನಾಗಿ ಮಾಡಿದಾನೆ ಅಂತ ಕಾಲೇಜಿನವರು ನೋಡೋದು. ಎರಡನೇದು ಕ್ರೆಡಿಟ್, ಡಿಗ್ರಿಗೆ ಬೇಕಾದ 120 ಚಿಲ್ಲರೆ ಗಂಟೆಲಿ (ಇಲ್ಲಿ ಕೋರ್ಸ್ ಅಳೆಯೋದೇ ಗಂಟೆ ಲೆಕ್ಕದಲ್ಲಿ, ಸಾಮಾನ್ಯವಾಗಿ ಒಂದು ಕೋರ್ಸಿಗೆ ಮೂರು) ಇಷ್ಟು ಆಗಲೇ ಆಯ್ತು ಅಂತ ಜಮಾ ಮಾಡ್ಕೊಳೋದು. ಮೂರನೇದು ಪ್ಲೇಸ್‌ಮೆಂಟ್, ಕ್ರೆಡಿಟ್ ಕೊಡದೇ ಇದ್ರೂ "ನೀನು ಕ್ಯಾಲ್ಕುಲಸ್ ಒಂದು ಬಿಟ್ಟು ನೇರ ಎರಡಕ್ಕೆ ಕೂತ್ಕೋ" ಅನ್ನೋದು. ಈ ಮೂರೂ ಒಟ್ಟಿಗೇ ಸಿಗತ್ತೆ ಅಂತ ಅಂದ್ಕೊಂಡಿದ್ದೇ ನಾವು ಮಾಡಿದ ತಪ್ಪು. ಅಡ್ಮಿಷನ್ನಿಗೆ ಭಾರೀ ಕೆಲಸ ಮಾಡಿದ ಕೋರ್ಸು ಕ್ರೆಡಿಟ್ಟಿಗೆ ಸೊನ್ನೆ ಆಗಬಹುದು, ಯಾರೂ ಕೇಳದ ಕಮ್ಯುನಿಟಿ ಕಾಲೇಜ್ ಕೋರ್ಸು ಪೂರ್ತಿ ಮೂರು ಗಂಟೆ ಉಳಿಸಬಹುದು.

ಎಪಿ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರತ್ತೆ, ಬೇಗ ಹೇಳಿಬಿಡ್ತೀನಿ. ಕಾಲೇಜ್ ಅಡ್ಮಿಷನ್ನಿನ ಎಸ್‌ಎಟಿ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡೇ ಇದನ್ನೂ ನಡೆಸೋದು. ವರ್ಷಪೂರ್ತಿ ಸ್ಕೂಲಲ್ಲಿ ಕ್ಲಾಸು, ಮೇ ತಿಂಗಳಲ್ಲಿ ಎಲ್ಲಾ ಕಡೆ ಒಂದೇ ಥರದ ಪರೀಕ್ಷೆ, ಜುಲೈನಲ್ಲಿ 1ರಿಂದ 5ರ ತನಕ ಸ್ಕೋರು. 2025ರಲ್ಲಿ ಒಂದು ಪರೀಕ್ಷೆಗೆ 99 ಡಾಲರ್ ಇತ್ತು. ತುಂಬಾ ಜನಕ್ಕೆ ಗೊತ್ತಾಗದೇ ಇರೋದು ಏನಂದ್ರೆ ಕ್ಲಾಸಿನ ಗ್ರೇಡು ಬೇರೆ ಪರೀಕ್ಷೆ ಸ್ಕೋರು ಬೇರೆ. ಟ್ರಾನ್ಸ್‌ಕ್ರಿಪ್ಟಲ್ಲಿ (ಅಂದ್ರೆ ಮಾರ್ಕ್ಸ್ ಪಟ್ಟಿಲಿ) ಬರೋದು, ಜಿಪಿಎಗೆ (ಎಲ್ಲಾ ಗ್ರೇಡುಗಳ ಸರಾಸರಿಗೆ) ಸೇರೋದು ಕ್ಲಾಸಿನ ಗ್ರೇಡು. ಸ್ಕೋರು ಕೆಟ್ಟದಾಗಿ ಬಂದ್ರೆ ಅಪ್ಲಿಕೇಷನ್ನಲ್ಲಿ ಹಾಕದೇ ಇದ್ರೂ ಸಾಮಾನ್ಯವಾಗಿ ನಡೆಯತ್ತೆ. ಮತ್ತೆ ಹನ್ನೆರಡನೇ ಕ್ಲಾಸಲ್ಲಿ ಬರೆದ ಪರೀಕ್ಷೆ ಸ್ಕೋರು ಬರೋದೇ ಜುಲೈಗೆ, ಅಷ್ಟೊತ್ತಿಗೆ ಅಡ್ಮಿಷನ್ ಮುಗಿದು ಹಾಸ್ಟೆಲ್ ರೂಮಿಗೆ ಬೆಡ್‌ಶೀಟ್ ತಗೊಂಡಾಗಿರತ್ತೆ. ಅಂದ್ರೆ ಸೀನಿಯರ್ ವರ್ಷದ ಎಪಿ ಪರೀಕ್ಷೆಗೆ ಇರೋ ಬೆಲೆ ಕ್ರೆಡಿಟ್ಟು ಮತ್ತೆ ಪ್ಲೇಸ್‌ಮೆಂಟಿಗೆ ಮಾತ್ರ. ಸೇರೋ ಕಾಲೇಜು ಆ ಸ್ಕೋರಿಗೆ ಏನೂ ಕೊಡಲ್ಲ ಅಂತ ಗೊತ್ತಿದ್ರೆ ಪರೀಕ್ಷೆ ಬರೆಯೋದೇ ಬೇಡ. ಮಗಳು ಆ ವರ್ಷ ಎನ್ವಿರಾನ್‌ಮೆಂಟಲ್ ಸೈನ್ಸ್ ಬರೆದ್ಲು, ನಾಕು ಬಂತು, ಇಂಜಿನಿಯರಿಂಗ್ ಡಿಗ್ರಿ ಪ್ಲಾನಲ್ಲಿ ಅದಕ್ಕೆ ಜಾಗನೇ ಇಲ್ಲ.

ಜಾಗ ಅಂದೆನಲ್ಲ, ಇದೇ ಮುಖ್ಯ. ಟೆಕ್ಸಾಸ್ ಪಬ್ಲಿಕ್ ಯೂನಿವರ್ಸಿಟಿಗಳಲ್ಲಿ ಯಾವ ಡಿಗ್ರಿ ಮಾಡಿದ್ರೂ 42 ಗಂಟೆ ಕೋರ್ ಅಂತ ಇರತ್ತೆ. ಅದರೊಳಗೆ ಖಾನೆಗಳು: ಅಮೆರಿಕನ್ ಹಿಸ್ಟರಿ 6 ಗಂಟೆ, ಗವರ್ನ್‌ಮೆಂಟ್ 6, ಕಮ್ಯುನಿಕೇಷನ್ 6, ಸೋಷಿಯಲ್ ಸೈನ್ಸ್ 3, ಆರ್ಟ್ಸ್ 3, ಹೀಗೆ. ಸೋಷಿಯಲ್ ಸೈನ್ಸಿನ ಖಾನೆ ಮೂರೇ ಗಂಟೆದು, ಒಂದು ಕೋರ್ಸ್ ಹಿಡಿಯತ್ತೆ. ನಮ್ಮ ಮಗಳು ಒಂಬತ್ತನೇ ಕ್ಲಾಸಲ್ಲಿ ಹ್ಯೂಮನ್ ಜಿಯಾಗ್ರಫಿ ತಗೊಂಡಿದ್ಲು, ಹನ್ನೊಂದರಲ್ಲಿ ಸೈಕಾಲಜಿ ತಗೊಂಡ್ಲು, ಎರಡಕ್ಕೂ ಐದು. ಬಸ್ಸಲ್ಲಿ ಒಂದೇ ಸೀಟು, ಇಬ್ಬರು ಟಿಕೆಟ್ ತಗೊಂಡು ನಿಂತಿದಾರೆ. ಒಂದು ಕೂತ್ಕೊಂತು, ಇನ್ನೊಂದು ಎಲೆಕ್ಟಿವ್ ಗಂಟೆ ಅಂತ ಟ್ರಾನ್ಸ್‌ಕ್ರಿಪ್ಟಲ್ಲಿ ಹಾಗೇ ನಿಂತಿದೆ ಇವತ್ತಿಗೂ. ವರ್ಲ್ಡ್ ಹಿಸ್ಟರಿದೂ ಅದೇ ಪಾಡು, ರಾಜ್ಯದ ಕಾನೂನು ಕೇಳೋದು ಅಮೆರಿಕನ್ ಹಿಸ್ಟರಿ. ಅದಕ್ಕೆ ಅವಳ ಯುಎಸ್ ಹಿಸ್ಟರಿ ಎಪಿ ಕೆಲಸಕ್ಕೆ ಬಂತು, ವರ್ಲ್ಡ್ ಹಿಸ್ಟರಿ ಬರಲಿಲ್ಲ. ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಅಂತ ಒಂದು ತಗೊಂಡಿದ್ಲು, ಹಗುರದ್ದು, ಮೇಜರ್‌ಗೆ, ಅಂದ್ರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಲೆಕ್ಕಕ್ಕೇ ಬರಲಿಲ್ಲ, ಜಾವಾ ಇರೋ ಕಂಪ್ಯೂಟರ್ ಸೈನ್ಸ್ ಎ ತಗೋಬೇಕಿತ್ತು ಅಂತ ಆಮೇಲೆ ಬುದ್ಧಿ ಬಂತು.

ಕೆಲಸಕ್ಕೆ ಬಂದವು ಯಾವುವು ಅಂದ್ರೆ ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ, ಕೆಮಿಸ್ಟ್ರಿ, ಇಂಗ್ಲಿಷ್ ಲ್ಯಾಂಗ್ವೇಜ್, ಯುಎಸ್ ಹಿಸ್ಟರಿ, ಮತ್ತೆ ಆ ಒಂದು ಜಿಯಾಗ್ರಫಿ. ಇಂಜಿನಿಯರಿಂಗ್ ಅಥವಾ ಸೈನ್ಸ್ ಕಡೆ ಹೋಗೋ ಮಕ್ಕಳ ಅಪ್ಪ-ಅಮ್ಮ ಇದನ್ನ ಬರ್ಕೊಳ್ಳಿ, ಕ್ಯಾಲ್ಕುಲಸ್ ಎಬಿ ಕಾಲೇಜಿನ ಮೊದಲ ಸೆಮಿಸ್ಟರ್ ಕ್ಯಾಲ್ಕುಲಸ್ಸಿಗೆ ಸಮ, ಬಿಸಿ ಎರಡು ಸೆಮಿಸ್ಟರಿಗೆ. ಫಿಸಿಕ್ಸ್ 1 ಮತ್ತೆ 2 ಆಲ್ಜೀಬ್ರಾ ಮೇಲೆ ನಿಂತಿರೋ ಕೋರ್ಸುಗಳು, ಇಂಜಿನಿಯರಿಂಗಿನವರು ಕೇಳೋದು ಕ್ಯಾಲ್ಕುಲಸ್ ಇರೋ ಫಿಸಿಕ್ಸ್ ಸಿ. ಹೆಸರೆಲ್ಲಾ ಒಂದೇ ಥರ ಕಾಣೋದ್ರಿಂದ ಫಾರಂ ತುಂಬೋವಾಗ ಯಾರಿಗೂ ಹೊಳೆಯಲ್ಲ.

ಇನ್ನೊಂದು ವಿಷಯ, 2015ರ ಒಂದು ಕಾನೂನಿನ ಪ್ರಕಾರ ಟೆಕ್ಸಾಸ್ ಪಬ್ಲಿಕ್ ಕಾಲೇಜುಗಳು ಮೊದಲ ಎರಡು ವರ್ಷದ ಮಟ್ಟದ ಕೋರ್ಸಿಗೆ ಎಪಿಲಿ 3 ಬಂದ್ರೆ ಕ್ರೆಡಿಟ್ ಕೊಡಬೇಕು, ಅದಕ್ಕಿಂತ ಜಾಸ್ತಿ ಸ್ಕೋರ್ ಕೇಳಬೇಕಾದ್ರೆ ಕಾರಣ ತೋರಿಸಬೇಕು. ಕಾರಣ ತೋರಿಸಿ 4, 5 ಕೇಳೋ ಡಿಪಾರ್ಟ್‌ಮೆಂಟುಗಳೂ ಇವೆ, ಆದ್ರೂ ಒಟ್ಟಾರೆ ಈ ರಾಜ್ಯ ಧಾರಾಳಿ. ಇಲ್ಲಿನಾಯ್ಸ್‌ನಲ್ಲೂ 3ಕ್ಕೆ ಕ್ರೆಡಿಟ್ ಕೊಡೋ ಕಾನೂನಿದೆ. ಕ್ಯಾಲಿಫೋರ್ನಿಯಾದ ಯುಸಿಗಳೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳು) 3 ಬಂದ್ರೆ ಯೂನಿಟ್ ಕೊಡ್ತವೆ, ಆ ಯೂನಿಟ್ ನಿಮ್ಮ ಮೇಜರ್‌ಗೆ ಬೇಕಾದ ಕೋರ್ಸಿಗೆ ಕೂರತ್ತಾ ಅನ್ನೋದು ಮಾತ್ರ ಆಯಾ ಕ್ಯಾಂಪಸ್ಸು, ಆಯಾ ಡಿಪಾರ್ಟ್‌ಮೆಂಟಿನ ಇಷ್ಟ.

ದೊಡ್ಡ ಹೆಸರಿನ ಪ್ರೈವೇಟ್ ಕಾಲೇಜುಗಳ ವಿಷಯಕ್ಕೆ ಬಂದ್ರೆ ಎಲ್ಲಾ ತಲೆಕೆಳಗು. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ಟೇ ಕೊಡಲ್ಲ. ಡಾರ್ಟ್‌ಮತ್ 2018ರ ಬ್ಯಾಚಿಂದ ನಿಲ್ಲಿಸಿಬಿಡ್ತು, ಪ್ಲೇಸ್‌ಮೆಂಟ್ ಮಾತ್ರ ಉಳಿಸ್ಕೊಂಡಿದೆ. ಎಂಐಟಿ ಕ್ಯಾಲ್ಕುಲಸ್ ಬಿಸಿಲಿ 5 ಬಂದ್ರೆ ಅವರ ಮೊದಲ ಕ್ಯಾಲ್ಕುಲಸ್ಸಿಗೆ ಕೊಡತ್ತೆ, ಬೇರೆ ಬಹಳಷ್ಟಕ್ಕೆ ಇಲ್ಲ. ಅಂದ್ರೆ ಅಂಥಾ ಕಡೆ ಹೋಗಬೇಕು ಅನ್ನೋ ಮಗುಗೆ ಎಪಿ ಬಾಗಿಲು ತಟ್ಟೋಕೆ ಬೇಕು, ಒಳಗೆ ಹೋದ ಮೇಲೆ ಅದರಿಂದ ಫೀಸು ಉಳಿಯಲ್ಲ. "ಹನ್ನೆರಡು ಎಪಿ ಮಾಡಿದಾನೆ, ಐವಿ ಲೀಗಲ್ಲಿ ಮೂರೇ ವರ್ಷಕ್ಕೆ ಡಿಗ್ರಿ ಮುಗಿಸ್ತಾನೆ" ಅಂತ ಹೇಳ್ಕೊಂಡು ತಿರುಗೋರನ್ನ ಕಂಡ್ರೆ ನಾನು ಸುಮ್ನೆ ಇನ್ನೊಂದು ಕೋಡುಬಳೆ ತಗೋತೀನಿ.

ಸರಿ, ಬಾಗಿಲು ತಟ್ಟೋ ವಿಷಯಕ್ಕೆ ಬರೋಣ. ಕಾಮನ್ ಆಪ್ ಅಂದ್ರೆ ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆ ಅಪ್ಲೈ ಮಾಡೋ ಸೈಟು, ಅದರಲ್ಲಿ ಸ್ಕೂಲ್ ಕೌನ್ಸೆಲರ್ ತುಂಬೋ ಒಂದು ಫಾರಂ ಇದೆ, ಅದರಲ್ಲಿ ನಿಮ್ಮ ಸ್ಕೂಲಿನ ಬೇರೆ ಮಕ್ಕಳಿಗೆ ಹೋಲಿಸಿದ್ರೆ ಈ ಮಗು ತಗೊಂಡ ಕೋರ್ಸುಗಳು ಎಷ್ಟು ಕಷ್ಟದ್ದು ಅಂತ ಕೇಳ್ತಾರೆ, ಅತ್ಯಂತ ಕಷ್ಟದ್ದು ಅನ್ನೋದರಿಂದ ಸಾಧಾರಣಕ್ಕಿಂತ ಕಮ್ಮಿ ಅನ್ನೋ ತನಕ ಐದು ಮೆಟ್ಟಿಲು. ಜೊತೆಗೆ ಸ್ಕೂಲ್ ಪ್ರೊಫೈಲ್ ಅಂತ ಒಂದು ಹೋಗತ್ತೆ, ಈ ಸ್ಕೂಲಲ್ಲಿ ಏನೇನು ಕೋರ್ಸ್ ಸಿಗತ್ತೆ ಅಂತ. ಆದ್ದರಿಂದ ಹೋಲಿಕೆ ನಡೆಯೋದು ಪಕ್ಕದ ಊರಿನ ಮಗು ಜೊತೆ ಅಲ್ಲ, ನಿಮ್ಮ ಸ್ಕೂಲಲ್ಲಿ ಸಿಕ್ಕಿದ್ದರಲ್ಲಿ ನೀವು ಏನು ಮಾಡಿದ್ರಿ ಅನ್ನೋದರ ಮೇಲೆ. ಎಂಟು ಎಪಿ ಇರೋ ಸ್ಕೂಲಲ್ಲಿ ಆರು ತಗೊಂಡ ಮಗು, ಮೂವತ್ತು ಎಪಿ ಇರೋ ಸ್ಕೂಲಲ್ಲಿ ಏಳು ತಗೊಂಡ ಮಗುಗಿಂತ ಮೇಲೇ ಕಾಣಬಹುದು. ಒಂದು ಹಂತದ ಮೇಲೆ ಇನ್ನೂ ಎರಡು ಜಾಸ್ತಿ ಹಾಕಿದ್ರೆ ಏನೂ ಸೇರಲ್ಲ. ಯುಸಿಗಳು ಇದನ್ನ ಲೆಕ್ಕದಲ್ಲೇ ಬರೆದಿಟ್ಟಿದಾವೆ, ಅವರ ಜಿಪಿಎಲಿ ಹತ್ತು ಮತ್ತೆ ಹನ್ನೊಂದನೇ ಕ್ಲಾಸಿನ ಕಷ್ಟದ ಕೋರ್ಸಿಗೆ ಒಂದು ಪಾಯಿಂಟ್ ಜಾಸ್ತಿ ಸಿಗತ್ತೆ, ಆದ್ರೆ ಒಟ್ಟು ಎಂಟು ಸೆಮಿಸ್ಟರಿಗೆ ಮಾತ್ರ, ಅದರಲ್ಲೂ ಹತ್ತನೇ ಕ್ಲಾಸಿಂದು ನಾಕಕ್ಕಿಂತ ಜಾಸ್ತಿ ಇಲ್ಲ. ಅಂದ್ರೆ ವರ್ಷಪೂರ್ತಿಯ ನಾಕು ಕೋರ್ಸಿಗೇ ಆ ಕೋಟಾ ಭರ್ತಿ.

ಟೆಕ್ಸಾಸಲ್ಲಿ ಇದಕ್ಕೆ ಇನ್ನೊಂದು ಮಸಾಲೆ ಇದೆ, ರ‍್ಯಾಂಕು. 1997ರ ಕಾನೂನು, ಕ್ಲಾಸಲ್ಲಿ ಮೇಲಿನ 10 ಪರ್ಸೆಂಟ್ ಒಳಗೆ ಇದ್ರೆ ರಾಜ್ಯದ ಪಬ್ಲಿಕ್ ಯೂನಿವರ್ಸಿಟಿಗಳಲ್ಲಿ ಸೀಟು ಗ್ಯಾರಂಟಿ. ಯುಟಿ ಆಸ್ಟಿನ್‌ಗೆ (ಆಸ್ಟಿನ್ ಊರಿನ ಯೂನಿವರ್ಸಿಟಿ ಆಫ್ ಟೆಕ್ಸಾಸ್) ಮಾತ್ರ ಅದು ಇಳೀತಾ ಬಂದು 6 ಆಗಿತ್ತು, 2026ರಲ್ಲಿ ಸೇರೋರಿಂದ 5 ಪರ್ಸೆಂಟ್. ಆ ಗ್ಯಾರಂಟಿ ಕೂಡ ಯೂನಿವರ್ಸಿಟಿಗೆ ಅಷ್ಟೇ, ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್ ಥರದ ಮೇಜರಿಗಲ್ಲ. ಇನ್ನು ರ‍್ಯಾಂಕ್ ಕಟ್ಟೋದು ವೆಯ್ಟೆಡ್ ಜಿಪಿಎ ಮೇಲೆ, ಯಾವ ಕೋರ್ಸಿಗೆ ಎಷ್ಟು ತೂಕ ಅನ್ನೋದು ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಒಂದೊಂದು ಥರ. ಕೆಲವು ಕಡೆ ಎಪಿಗೂ ಡ್ಯುಯಲ್ ಕ್ರೆಡಿಟ್ಟಿಗೂ ಒಂದೇ ತೂಕ, ಕೆಲವು ಕಡೆ ಡ್ಯುಯಲ್ ಕ್ರೆಡಿಟ್ ಒಂದು ಮೆಟ್ಟಿಲು ಕೆಳಗೆ. ಎಲ್ಲಾ ಬುದ್ಧಿವಂತ ಮಕ್ಕಳೇ ತುಂಬಿರೋ ನಮ್ಮ ಸಬರ್ಬ್ ಸ್ಕೂಲುಗಳಲ್ಲಿ ಆ ಅರ್ಧ ಪಾಯಿಂಟಿಗೆ ಮೂವತ್ತು ಸ್ಥಾನ ಹಿಂದೆ ಮುಂದೆ ಆಗತ್ತೆ. ಇಷ್ಟ ಇರೋ ಆರ್ಕೆಸ್ಟ್ರಾ ಬಿಟ್ಟು ಇಷ್ಟ ಇಲ್ಲದ ಎಪಿ ತಗೊಂಡ ಮಕ್ಕಳನ್ನ ನೋಡಿದೀನಿ, ರ‍್ಯಾಂಕ್ ಕೆಳಗೆ ಬರತ್ತೆ ಅಂತ. ನನಗೆ ಇದು ಸರಿ ಅನ್ಸಲ್ಲ, ಆದ್ರೆ ರ‍್ಯಾಂಕ್ ಅಂಚಲ್ಲಿರೋ ಮಗು ಅಪ್ಪ-ಅಮ್ಮಂಗೆ ಇದನ್ನ ಹೇಳೋ ಧೈರ್ಯನೂ ನನಗಿಲ್ಲ.

ಈಗ ಐಬಿ. ಇದು 1968ರಲ್ಲಿ ಜಿನೀವಾದಲ್ಲಿ ಶುರುವಾಗಿದ್ದು, ದೇಶ ದೇಶ ತಿರುಗೋ ಅಧಿಕಾರಿಗಳ ಮಕ್ಕಳು ಎಲ್ಲಿ ಓದಿದ್ರೂ ಯೂನಿವರ್ಸಿಟಿಗೆ ನಡೀಬೇಕು ಅಂತ. ಎಪಿ ಹೋಟೆಲ್ ಮೆನು ಥರ, ಬೇಕಾದ್ದು ಬೇಕಾದಷ್ಟು. ಐಬಿ ಡಿಪ್ಲೊಮಾ ಬಾಳೆ ಎಲೆ ಊಟ, ಕೂತ ಮೇಲೆ ಎಲ್ಲಾನೂ ಬಡಿಸ್ತಾರೆ, ಎಲ್ಲಾನೂ ತಿನ್ನಬೇಕು. ಹನ್ನೊಂದು, ಹನ್ನೆರಡನೇ ಕ್ಲಾಸು ಎರಡೂ ವರ್ಷ ಆರು ಸಬ್ಜೆಕ್ಟು, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್, ಒಂದೊಂದಕ್ಕೆ 7 ಅಂಕ. ಜೊತೆಗೆ 4,000 ಪದದ ತನಕ ಹೋಗೋ ಒಂದು ಪ್ರಬಂಧ, ನಮಗೆ ಗೊತ್ತಿರೋದು ನಿಜಕ್ಕೂ ಗೊತ್ತಿದೆ ಅಂತ ಹೇಗೆ ಗೊತ್ತು ಅಂತ ತಲೆ ತಿನ್ನೋ ಒಂದು ಥಿಯರಿ ಕ್ಲಾಸು, ಸೇವೆ-ಆಟ-ಕಲೆ ಅಂತ ಇನ್ನೊಂದು. ಈ ಪ್ರಬಂಧಕ್ಕೂ ಥಿಯರಿಗೂ ಸೇರಿ ಮೂರು ಅಂಕ, ಒಟ್ಟು 45.

ಐಬಿ ಬಗ್ಗೆ ನಮ್ಮವರಲ್ಲಿ ಒಂದು ಹೆದರಿಕೆ ಇದೆ, ಎಪಿಯಷ್ಟು ಕ್ರೆಡಿಟ್ ಸಿಗಲ್ಲ ಅಂತ. ಅರ್ಧ ನಿಜ. ಅಮೆರಿಕದ ಬಹಳಷ್ಟು ಕಾಲೇಜುಗಳು ಹೈಯರ್ ಲೆವೆಲಲ್ಲಿ 5, 6, 7 ಬಂದ್ರೆ ಕೊಡ್ತವೆ, ಸ್ಟ್ಯಾಂಡರ್ಡ್ ಲೆವೆಲ್ಲಿಗೆ ಬಹಳ ಕಡೆ ಏನೂ ಇಲ್ಲ. ಆದ್ರೆ ಟೆಕ್ಸಾಸಲ್ಲಿ 2005ರ ಕಾನೂನು ಇದೆ, ಡಿಪ್ಲೊಮಾ ಪಾಸಾಗಿ ಯಾವ ಸಬ್ಜೆಕ್ಟಲ್ಲೂ 4ಕ್ಕಿಂತ ಕಮ್ಮಿ ಇಲ್ಲ ಅಂದ್ರೆ ಪಬ್ಲಿಕ್ ಯೂನಿವರ್ಸಿಟಿಗಳು ಕನಿಷ್ಠ 24 ಗಂಟೆ ಕೊಡಲೇಬೇಕು. ಯುಸಿಗಳು ಡಿಪ್ಲೊಮಾಲಿ 30 ಅಥವಾ ಮೇಲೆ ಬಂದ್ರೆ 20 ಸೆಮಿಸ್ಟರ್ ಯೂನಿಟ್ ಕೊಡ್ತವೆ. ಹಾಗಾಗಿ ಇಲ್ಲೇ ರಾಜ್ಯದೊಳಗೆ ಓದೋ ಮಗುಗೆ ಐಬಿ ನಷ್ಟ ಏನಲ್ಲ. ಸಮಸ್ಯೆ ಬೇರೆ ಇದೆ, ಆ 24 ಗಂಟೆ ಪೂರ್ತಿ ಡಿಪ್ಲೊಮಾದ ಮೇಲೆ ನಿಂತಿದೆ. ಅರ್ಧಕ್ಕೆ ಬಿಟ್ಟು ಬರೀ ಒಂದೆರಡು ಕೋರ್ಸ್ ಸರ್ಟಿಫಿಕೇಟ್ ತಗೊಂಡ್ರೆ ಆ ರಕ್ಷಣೆ ಇಲ್ಲ. ಎಪಿಲಿ ಒಂದು ಕೈಕೊಟ್ರೆ ಒಂದೇ ಹೋಗತ್ತೆ.

ಅಡ್ಮಿಷನ್ ಕಡೆಯಿಂದ ಐಬಿ ಗಟ್ಟಿ. ಡಿಪ್ಲೊಮಾ ಪೂರ್ತಿ ಮಾಡ್ತಿರೋ ಮಗುಗೆ ಆ ಕೌನ್ಸೆಲರ್ ಫಾರಂನಲ್ಲಿ ಮೇಲಿನ ಮೆಟ್ಟಿಲು ಸಿಗೋದು ಕಷ್ಟ ಅಲ್ಲ. ಫೈನಲ್ ಪರೀಕ್ಷೆ ಹನ್ನೆರಡನೇ ಕ್ಲಾಸಿನ ಕೊನೆಗೆ, ರಿಸಲ್ಟು ಜುಲೈಗೆ, ಹಾಗಾಗಿ ಅಡ್ಮಿಷನ್ನಿನವರು ನೋಡೋದು ಕ್ಲಾಸಿನ ಗ್ರೇಡು ಮತ್ತೆ ಟೀಚರ್ ಕೊಡೋ ಪ್ರಿಡಿಕ್ಟೆಡ್ ಅಂಕ. ನನ್ನ ಗೆಳತಿ ಮಗಳು ಇಲ್ಲೇ ಐಬಿ ಮಾಡಿದ್ಲು, ಓದೋ ಹುಚ್ಚು, ಬರೆಯೋ ಹುಚ್ಚು, ಅವಳಿಗೆ ಆ ಪ್ರಬಂಧ ಹಬ್ಬ ಇದ್ದಂಗೆ. ಕಾಲೇಜಿಗೆ ಹೋದ ಮೇಲೆ ಇಪ್ಪತ್ತು ಪುಟದ ಪೇಪರ್ ಕೊಟ್ರೆ ಬೇರೆ ಮಕ್ಕಳು ಅಳ್ತಿದ್ರೆ ಇವಳು ಒಂದೇ ವಾರದಲ್ಲಿ ಮುಗಿಸಿದ್ಲಂತೆ. ಅವಳ ತಮ್ಮನಿಗೆ ಗಣಿತ ಬಿಟ್ರೆ ಬೇರೆ ಬೇಡ, ಅಕ್ಕ ಮಾಡಿದ್ದಾಳೆ ಅಂತ ಅವನನ್ನೂ ಅದಕ್ಕೇ ಹಾಕಿದ್ರು, ಒಂದೇ ವರ್ಷಕ್ಕೆ ಹೊರಗೆ ಬಂದ. ಐಬಿ ಆರಿಸೋವಾಗ ನೋಡಬೇಕಾದ್ದು ಮಗುವಿನ ಮಾರ್ಕ್ಸ್ ಅಲ್ಲ, ಇಷ್ಟ ಇಲ್ಲದ ಸಬ್ಜೆಕ್ಟನ್ನೂ ಎರಡು ವರ್ಷ ಎಳೆಯೋ ತಾಳ್ಮೆ ಇದೆಯಾ ಅನ್ನೋದು.

ಬೆಂಗಳೂರಲ್ಲಿ ನನ್ನ ತಂಗಿ ಕೇಳ್ತಿರ್ತಾಳೆ, "ಅಕ್ಕ, ಇಲ್ಲಿ ಐಬಿ ಸ್ಕೂಲಿಗೆ ಅಷ್ಟು ಫೀಸ್ ಕಟ್ಟೋ ಬದಲು ಪಿಯುಸಿ ಜೊತೆ ಎರಡು ಎಪಿ ಪರೀಕ್ಷೆ ಬರೆಸಿದ್ರೆ ಆಗಲ್ವಾ?" ಇಂಡಿಯಾದಲ್ಲೂ ಸೆಂಟರ್ ಇದಾವೆ, ಬರೀಬಹುದು. ಅಮೆರಿಕದ ಅಡ್ಮಿಷನ್ನಿಗೆ ಎಪಿ ಕಡ್ಡಾಯ ಏನಲ್ಲ, ಪಿಯುಸಿಲಿ ಚೆನ್ನಾಗಿ ಮಾಡಿದ ಹುಡುಗ ಕ್ಯಾಲ್ಕುಲಸ್ ಬಿಸಿ, ಫಿಸಿಕ್ಸ್ ಸಿ ಬರೆದು 5 ತಂದ್ರೆ ನಮ್ಮ ಬೋರ್ಡಿನ ಮಾರ್ಕ್ಸ್ ಅರ್ಥ ಆಗದೇ ಇರೋರಿಗೂ ಆ ಸ್ಕೋರು ಅರ್ಥ ಆಗತ್ತೆ, ಕ್ರೆಡಿಟ್ಟೂ ಸಿಗಬಹುದು. ಆದ್ರೆ ಸಿಇಟಿ, ಜೆಇಇ ಕೋಚಿಂಗ್ ಮಧ್ಯೆ ಇದನ್ನೂ ತುರುಕಬೇಡ ಅಂತ ಹೇಳಿದೀನಿ. ಯಾವ ದೇಶ ಅಂತ ಮೊದಲು ತೀರ್ಮಾನ ಮಾಡ್ಲಿ.

ಇನ್ನು ನಾನು ತುಂಬಾ ಹೇಳಬೇಕು ಅಂತಿರೋದು ಡ್ಯುಯಲ್ ಕ್ರೆಡಿಟ್ ಬಗ್ಗೆ, ಯಾಕಂದ್ರೆ ನಮ್ಮ ಜನ ಇದನ್ನ ತಾತ್ಸಾರ ಮಾಡ್ತಾರೆ. ಕಮ್ಯುನಿಟಿ ಕಾಲೇಜ್ ಅಂದ ತಕ್ಷಣ ಮೂಗು ಮುರಿಯೋದು. ಹೈಸ್ಕೂಲಲ್ಲಿ ಇದ್ದಾಗಲೇ ಕಾಲೇಜಿನ ಕೋರ್ಸ್ ತಗೊಂಡು ಹೈಸ್ಕೂಲಿಗೂ ಕಾಲೇಜಿಗೂ ಎರಡೂ ಕಡೆ ಲೆಕ್ಕ ಹಾಕ್ಸೋದು, ಅಷ್ಟೇ. ಬೇರೆ ರಾಜ್ಯದಲ್ಲಿ ಬೇರೆ ಹೆಸರು, ವಾಷಿಂಗ್ಟನ್ ರಾಜ್ಯದಲ್ಲಿ ರನ್ನಿಂಗ್ ಸ್ಟಾರ್ಟ್, ಒಹಾಯೋದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್, ಮಿನ್ನೆಸೋಟಾದಲ್ಲಿ 1985ರಿಂದಲೇ ಇದೆ. ಇಲ್ಲಿ ಪ್ಲೇನೋ, ಫ್ರಿಸ್ಕೋ, ಮೆಕಿನಿ ಕಡೆಯವರಿಗೆ ಕಾಲಿನ್ ಕಾಲೇಜ್. ಒಳಗೆ ಸೇರೋಕೆ ಟಿಎಸ್‌ಐ ಅನ್ನೋ ಒಂದು ಪರೀಕ್ಷೆ, ಎಸ್‌ಎಟಿಲಿ ಸಾಕಷ್ಟು ಸ್ಕೋರ್ ಇದ್ರೆ ಅದೂ ಬೇಕಿಲ್ಲ. ನಮಗೆ ಒಂದು ಕೋರ್ಸು ಮುನ್ನೂರು ಡಾಲರ್ ಒಳಗೆ ಮುಗೀತು. ಕಡಿಮೆ ಆದಾಯದ ಮನೆ ಮಕ್ಕಳಿಗೆ 2023ರಿಂದ ರಾಜ್ಯದ ಒಂದು ಯೋಜನೆಲಿ ಎಷ್ಟೋ ಕಾಲೇಜುಗಳಲ್ಲಿ ಪೂರ್ತಿ ಫ್ರೀ.

ಇದರ ದೊಡ್ಡ ಲಾಭ ಏನಂದ್ರೆ ಮೇ ತಿಂಗಳ ಮೂರು ಗಂಟೆ ಪರೀಕ್ಷೆ ಮೇಲೆ ಜೀವ ನಿಂತಿಲ್ಲ. ಸೆಮಿಸ್ಟರ್ ಪೂರ್ತಿ ಮಾಡಿ ಗ್ರೇಡ್ ಬಂತು ಅಂದ್ರೆ ಕ್ರೆಡಿಟ್ ಬಂತು. ಟೆಕ್ಸಾಸಲ್ಲಿ ಕೋರ್ಸುಗಳಿಗೆ ರಾಜ್ಯಕ್ಕೆಲ್ಲಾ ಸಾಮಾನ್ಯವಾದ ಒಂದು ನಂಬರ್ ಕೂಡ ಇದೆ, ಕೆಲವು ಯೂನಿವರ್ಸಿಟಿಗಳು ತಮ್ಮದೇ ನಂಬರ್ ಇಟ್ಕೊಂಡ್ರೂ ಇಂಗ್ಲಿಷ್ 1301 ಅಂದ್ರೆ ಯಾವ ಪಬ್ಲಿಕ್ ಕಾಲೇಜಿಗೆ ಹೋದ್ರೂ ಅದೇನು ಅಂತ ಗೊತ್ತು. ಗವರ್ನ್‌ಮೆಂಟ್ ಖಾನೆ ನೋಡಿ. ಎಪಿ ಗವರ್ನ್‌ಮೆಂಟ್ ಫೆಡರಲ್ ಸರ್ಕಾರದ ಬಗ್ಗೆ ಮಾತ್ರ, ಟೆಕ್ಸಾಸ್ ಸರ್ಕಾರದ ಬಗ್ಗೆ ಅದರಲ್ಲಿ ಏನೂ ಇಲ್ಲ. ಆದ್ರೆ ಇಲ್ಲಿ ಡಿಗ್ರಿ ಬೇಕು ಅಂದ್ರೆ ಟೆಕ್ಸಾಸ್ ಸಂವಿಧಾನನೂ ಓದಬೇಕು. ನಮ್ಮ ಮಗಳು, ಆ ಎಪಿಲಿ 5 ತಗೊಂಡಿದ್ದ ಗೆಳತಿಯರ ಜೊತೆ ಕಾಲೇಜಿಗೆ ಹೋಗಿ ಅಲ್ಲಿ ಮತ್ತೆ ಟೆಕ್ಸಾಸ್ ಗವರ್ನ್‌ಮೆಂಟ್ ಕ್ಲಾಸಲ್ಲಿ ಕೂತ್ಲು. ಮಗ ಹನ್ನೊಂದನೇ ಕ್ಲಾಸಿಗೆ ಮುಂಚೆ ಬೇಸಿಗೆ ರಜೆಲಿ 2306 ನಂಬರಿನ ಆ ಕೋರ್ಸನ್ನ ಆನ್‌ಲೈನಲ್ಲೇ ಮುಗಿಸಿಬಿಟ್ಟ, ಪೈಜಾಮಾದಲ್ಲಿ ಕೂತು.

ನಷ್ಟನೂ ಹೇಳಬೇಕು, ಇದು ನಮ್ಮನೇಲೇ ಆಗಿದ್ದು. ಅದೇ ಉತ್ಸಾಹದಲ್ಲಿ ಮಗ ಹಿಸ್ಟರಿನೂ ಆನ್‌ಲೈನ್ ತಗೊಂಡ. ಎಂಟು ವಾರದ ಕೋರ್ಸು, ವಾರಕ್ಕೆ ಎರಡು ಡೆಡ್‌ಲೈನು, ಜ್ಞಾಪಿಸೋ ಟೀಚರ್ ಇಲ್ಲ. ನಾವು ಊರಿಗೆ ಹೋಗಿದ್ವಿ, ಅತ್ತೆ ಮನೇಲಿ ಮಳೆ ಬಂದ್ರೆ ಇಂಟರ್ನೆಟ್ ಇಲ್ಲ, ಎರಡು ಅಸೈನ್‌ಮೆಂಟ್ ತಪ್ಪಿಹೋಯ್ತು, ಸಿ ಬಂತು. ಎಪಿಲಿ 2 ಬಂದಿದ್ರೆ ಯಾರಿಗೂ ತೋರಿಸದೇ ಮುಚ್ಚಿಡಬಹುದಿತ್ತು. ಇದು ಕಾಲೇಜ್ ಟ್ರಾನ್ಸ್‌ಕ್ರಿಪ್ಟು, ಹದಿನಾರು ವರ್ಷಕ್ಕೆ ತಗೊಂಡ ಸಿ ಜೀವನಪೂರ್ತಿ ಅಲ್ಲೇ ಇರತ್ತೆ. ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡೋವಾಗ ಹೈಸ್ಕೂಲಲ್ಲಿ ತಗೊಂಡ ಕಾಲೇಜ್ ಕೋರ್ಸುಗಳ ಗ್ರೇಡನ್ನೂ ಜಿಪಿಎಗೆ ಸೇರಿಸ್ತಾರೆ. ನಮ್ಮವನಿಗೆ ಡಾಕ್ಟರ್ ಆಗೋ ಯೋಚನೆ ಇಲ್ಲ ಪುಣ್ಯ.

ಪ್ರೀ-ಮೆಡ್ ಅಂತ ಹೇಳ್ತಿರೋ ಮಕ್ಕಳು ಎಪಿ ವಿಷಯದಲ್ಲೂ ಸ್ವಲ್ಪ ನಿಧಾನ. ಬಯಾಲಜಿ, ಕೆಮಿಸ್ಟ್ರಿ ಎಪಿ ಕ್ರೆಡಿಟ್ ತಗೊಂಡು ಕಾಲೇಜಲ್ಲಿ ಆ ಕೋರ್ಸ್ ಬಿಟ್ರೆ ಎಷ್ಟೋ ಮೆಡಿಕಲ್ ಸ್ಕೂಲುಗಳು ಒಪ್ಪಲ್ಲ, ಇಲ್ಲಾ ಅದರ ಮೇಲಿನ ಕೋರ್ಸ್ ಮಾಡಿ ತೋರಿಸು ಅಂತಾವೆ. ಯುಟಿ ಆಸ್ಟಿನ್‌ನಲ್ಲಿ ಎಪಿ ಕ್ರೆಡಿಟ್ ತಾನಾಗೇ ಕೂರಲ್ಲ, ಮಗುನೇ ಹೋಗಿ ಕ್ಲೇಮ್ ಮಾಡಬೇಕು, ಅದು ಒಳ್ಳೇದೇ ಆಯ್ತು, ಅಡ್ವೈಸರ್ ಹತ್ರ ಮಾತಾಡಿ ಯಾವುದು ಬೇಕೋ ಅದನ್ನ ಮಾತ್ರ ತಗೋಬಹುದು. ಒಂದು ಸಲ ಕ್ಲೇಮ್ ಮಾಡಿದ ಮೇಲೆ ವಾಪಸ್ ಕೊಡೋಕಾಗಲ್ಲ ಅನ್ಕೊಂಡೇ ಹೆಜ್ಜೆ ಇಡಿ.

ಡ್ಯುಯಲ್ ಕ್ರೆಡಿಟ್ಟಿನ ಇನ್ನೊಂದು ನಷ್ಟ, ರಾಜ್ಯದ ಗಡಿ ದಾಟಿದ್ರೆ ಬೆಲೆ ಇಳಿಯತ್ತೆ. ಹೊರಗಿನ ಪ್ರೈವೇಟ್ ಕಾಲೇಜುಗಳಲ್ಲಿ ಬಹಳಷ್ಟು, ಹೈಸ್ಕೂಲ್ ಪಾಸಾಗೋಕೆ ಬಳಸಿದ ಕೋರ್ಸನ್ನ ಮತ್ತೆ ನಮ್ಮ ಡಿಗ್ರಿಗೆ ಎಣಿಸಲ್ಲ ಅಂತಾರೆ. ಹೈಸ್ಕೂಲ್ ಕಟ್ಟಡದಲ್ಲೇ ಹೈಸ್ಕೂಲ್ ಟೀಚರೇ ಪಾಠ ಮಾಡಿದ್ರೆ ಇನ್ನೂ ಅನುಮಾನ. ಅಡ್ಮಿಷನ್ ಕಡೆಯಿಂದ ನನ್ನ ಅಭಿಪ್ರಾಯ ಇಷ್ಟು: ಸ್ಕೂಲಲ್ಲಿ ಎಪಿ ಕ್ಯಾಲ್ಕುಲಸ್ ಇದ್ದಾಗ ಅದನ್ನ ಬಿಟ್ಟು ಸುಲಭದ ಆನ್‌ಲೈನ್ ಕೋರ್ಸ್ ತಗೊಂಡ್ರೆ ತಪ್ಪಿಸ್ಕೊಂಡಂಗೆ ಕಾಣತ್ತೆ. ಬಿಸಿ ಮುಗಿಸಿ ಸ್ಕೂಲಲ್ಲಿ ಮುಂದೆ ಗಣಿತನೇ ಇಲ್ಲದಾಗ ಕಾಲೇಜಿಗೆ ಹೋಗಿ ಲೀನಿಯರ್ ಆಲ್ಜೀಬ್ರಾ ತಗೊಂಡ್ರೆ ಹಸಿವಿರೋ ಮಗು ಅಂತ ಕಾಣತ್ತೆ.

ಎಪಿಗೂ ಡ್ಯುಯಲ್ ಕ್ರೆಡಿಟ್ಟಿಗೂ ಮಧ್ಯೆ ಆನ್‌ರ‍್ಯಾಂಪ್ಸ್ ಅಂತ ಒಂದಿದೆ, ಯುಟಿ ಆಸ್ಟಿನ್ ನಡೆಸೋದು. ಹೈಸ್ಕೂಲ್ ಟೀಚರ್ ಒಂದು ಗ್ರೇಡ್ ಕೊಡ್ತಾರೆ, ಯೂನಿವರ್ಸಿಟಿಯವರು ಇನ್ನೊಂದು ಕೊಡ್ತಾರೆ, ಯೂನಿವರ್ಸಿಟಿ ಗ್ರೇಡ್ ಇಷ್ಟ ಆದ್ರೆ ತಗೋ ಇಲ್ಲಾಂದ್ರೆ ಬಿಡು ಅಂತ ಮಗುಗೇ ಬಿಡ್ತಾರೆ. ಹಿಸ್ಟರಿ ಪೆಟ್ಟು ತಿಂದ ಮೇಲೆ ನಮ್ಮ ಮಗನಿಗೆ ಇದು ಬಹಳ ಹಿಡಿಸಿದೆ. ನಿಮ್ಮ ಸ್ಕೂಲಲ್ಲಿ ಇದ್ಯಾ ಅಂತ ಕೇಳಿ ನೋಡಿ.

ಮೂರು ವರ್ಷಕ್ಕೆ ಡಿಗ್ರಿ ಅನ್ನೋ ಆಸೆ ಬಗ್ಗೆ ಒಂದು ಮಾತು, ಎಚ್-4 (ಇಲ್ಲಿ ಕೆಲಸದ ವೀಸಾದಲ್ಲಿರೋರ ಹೆಂಡ್ತಿ ಅಥವಾ ಗಂಡ, ಮಕ್ಕಳಿಗೆ ಸಿಗೋ ವೀಸಾ) ಮೇಲಿರೋ ಮಕ್ಕಳ ಅಪ್ಪ-ಅಮ್ಮ ಇದನ್ನ ಜಾಸ್ತಿ ಕೇಳ್ತಾರೆ. 21 ತುಂಬಿದ ಮೇಲೆ ಡಿಪೆಂಡೆಂಟ್ ಆಗಿ ಇರೋಕಾಗಲ್ಲ, ವಿದ್ಯಾರ್ಥಿ ವೀಸಾ ಎಫ್-1ಗೋ ಇನ್ನೊಂದಕ್ಕೋ ಬದಲಾಗಬೇಕು, ಅಷ್ಟರೊಳಗೆ ಡಿಗ್ರಿ ಮುಗಿದ್ರೆ ಒಂದು ತಲೆನೋವು ಕಮ್ಮಿ. ಎಕನಾಮಿಕ್ಸು, ಸೈಕಾಲಜಿ, ಪೊಲಿಟಿಕಲ್ ಸೈನ್ಸ್ ಥರದ ಮೇಜರ್‌ಗಳಲ್ಲಿ ಇದು ಆಗೋ ಮಾತು, ಕೋರ್ 42ರಲ್ಲಿ ಮುಕ್ಕಾಲು ಭಾಗ ಹೈಸ್ಕೂಲಲ್ಲೇ ಮುಗಿಸಿಕೊಂಡು ಹೋದ್ರೆ. ಇಂಜಿನಿಯರಿಂಗಲ್ಲಿ ಕಷ್ಟ, ಅಲ್ಲಿ ಕೋರ್ಸುಗಳು ರೈಲು ಬೋಗಿ ಥರ, ಇದಾದ ಮೇಲೆ ಅದು, ಅದಾದ ಮೇಲೆ ಇನ್ನೊಂದು, ಕೆಲವು ವರ್ಷಕ್ಕೆ ಒಂದೇ ಸೆಮಿಸ್ಟರಲ್ಲಿ ಬರೋದು. ನಮ್ಮ ಮಗಳು ಮೂವತ್ತಕ್ಕೂ ಜಾಸ್ತಿ ಗಂಟೆ ಇಟ್ಕೊಂಡು ಸೇರಿದ್ರೂ ಮುಗಿಯೋದು ಮೂರೂವರೆ ವರ್ಷಕ್ಕೆ. ಆದ್ರೆ ಗಂಟೆ ಜಾಸ್ತಿ ಇದ್ದಿದ್ದರಿಂದ ರಿಜಿಸ್ಟ್ರೇಷನ್ನಿಗೆ ಮುಂಚೆ ಸರದಿ ಬರತ್ತೆ, ಎಂಟು ಗಂಟೆ ಬೆಳಗಿನ ಕ್ಲಾಸ್ ಒಂದೂ ತಗೊಂಡಿಲ್ಲ ಮಹಾರಾಣಿ. ಒಂದು ಸೆಮಿಸ್ಟರ್ ಇಂಟರ್ನ್‌ಶಿಪ್ಪಿಗೆ ಅಂತ ಬಿಡೋಕೂ ಆಯ್ತು.

ಕನ್ನಡ ಶಾಲೆ ಕಡೆಯವರು ಒಬ್ಬರು ಕೇಳಿದ್ರು, ಕನ್ನಡಕ್ಕೆ ಎಪಿ ಇದೆಯಾ ಅಂತ. ಇಲ್ಲ, ಎಪಿಲಿ ಇಂಡಿಯಾದ ಯಾವ ಭಾಷೆನೂ ಇಲ್ಲ. ಕೆಲವು ಸ್ಕೂಲ್ ಡಿಸ್ಟ್ರಿಕ್ಟುಗಳು ಕನ್ನಡ ಕಲಿತದ್ದಕ್ಕೆ ಹೈಸ್ಕೂಲಿನ ವರ್ಲ್ಡ್ ಲ್ಯಾಂಗ್ವೇಜ್ ಕ್ರೆಡಿಟ್ ಕೊಡ್ತವೆ, ಅದು ಸಿಕ್ಕಿದ್ರೆ ಸ್ಪ್ಯಾನಿಷ್‌ಗೆ ಇಡಬೇಕಿದ್ದ ಪೀರಿಯಡ್ ಉಳೀತು.

ಈಗ ಫಾರಂ ಮುಂದೆ ಇಟ್ಕೊಂಡು ಕೂತಿರೋರಿಗೆ ನಾನು ಮಾಡೋ ರೀತಿ ಹೇಳ್ತೀನಿ. ಮಗು ಹೋಗಬಹುದಾದ ನಾಕು ಕಾಲೇಜು ಬರೀರಿ, ಕನಸಿನದ್ದು ಒಂದು, ನಿಜವಾಗ್ಲೂ ಹೋಗೋದು ಮೂರು. ನಾಕರದ್ದೂ ವೆಬ್‌ಸೈಟಲ್ಲಿ ಎಪಿ, ಐಬಿ ಕ್ರೆಡಿಟ್ ಟೇಬಲ್ ಇರತ್ತೆ, ಪ್ರಿಂಟ್ ತಗೊಳ್ಳಿ. ಪಕ್ಕದಲ್ಲಿ ಮೇಜರಿನ ನಾಕು ವರ್ಷದ ಡಿಗ್ರಿ ಪ್ಲಾನ್ ಇಟ್ಟು, ಯಾವ ಎಪಿ ಯಾವ ಖಾನೆಲಿ ಕೂರತ್ತೆ ಅಂತ ಪೆನ್ಸಿಲಲ್ಲಿ ಗೆರೆ ಎಳೀರಿ. ಗೆರೆ ಇಲ್ಲದ ಎಪಿ ತಗೋಬೇಡಿ ಅಂತ ಅಲ್ಲ, ಮಗುಗೆ ಆರ್ಟ್ ಹಿಸ್ಟರಿ ಇಷ್ಟ ಅಂದ್ರೆ ತಗೋಳ್ಲಿ, ಆದ್ರೆ ರ‍್ಯಾಂಕಿಗಾಗಿ ತಗೋತಿದೀವಾ ಕ್ರೆಡಿಟ್ಟಿಗಾಗಿ ತಗೋತಿದೀವಾ ಇಷ್ಟಕ್ಕಾಗಿ ತಗೋತಿದೀವಾ ಅಂತ ಗೊತ್ತಿರ್ಲಿ. ಎಪಿ ಪರೀಕ್ಷೆಗೆ ಹೆಸರು ಕೊಡೋದು ನವೆಂಬರ್ ಮಧ್ಯದೊಳಗೆ, ತಡ ಆದ್ರೆ 40 ಡಾಲರ್ ದಂಡ. ಒಂದು ಕಾಲೇಜಿಗೆ ಸ್ಕೋರ್ ಫ್ರೀಯಾಗಿ ಕಳಿಸೋಕೆ ಜೂನ್ ಮೂರನೇ ವಾರದ ತನಕ ಟೈಮ್ ಇರತ್ತೆ, ನಾವು ಮರೆತು ದುಡ್ಡು ಕಟ್ಟಿದ್ವಿ.

ನಮ್ಮ ಮಗ ಮೊನ್ನೆ ತಾನೇ ಕೂತು ಗೆರೆ ಎಳೆದ. ಮುಂದಿನ ವರ್ಷಕ್ಕೆ ಫಿಸಿಕ್ಸ್ ಸಿ, ಸ್ಟ್ಯಾಟಿಸ್ಟಿಕ್ಸ್, ಆನ್‌ರ‍್ಯಾಂಪ್ಸಲ್ಲಿ ಒಂದು, ಇಂಗ್ಲಿಷ್ ಡ್ಯುಯಲ್ ಕ್ರೆಡಿಟ್, ಮತ್ತೆ ಆರ್ಕೆಸ್ಟ್ರಾ. ಆರ್ಕೆಸ್ಟ್ರಾಗೆ ತೂಕ ಇಲ್ಲ, ರ‍್ಯಾಂಕ್ ಒಂದಿಷ್ಟು ಇಳಿಯತ್ತೆ ಅಂತ ಅವರಪ್ಪ ಗೊಣಗಿದ್ರು. ಇವನು ಅದರ ಮುಂದೆ ಗೆರೆ ಎಳೆದು, "ಇಷ್ಟಕ್ಕೆ" ಅಂತ ಕನ್ನಡದಲ್ಲೇ ಬರೆದು ನನ್ನ ಕೈಗೆ ಕೊಟ್ಟ. ಸೈನ್ ಹಾಕಿದೀನಿ.